ಮೈಲುತುತ್ತ ಹಾಕದ ಅಂಟು

ಲಿಸ್ಬನ್ನಿನಲ್ಲಿ ಒಂದು ತಿಂಗಳಿದ್ದು ಬಂದ ಕಲ್ಯಾಣಿ ತ್ಯಾಗರಾಜನಗರದ ಮನೆಗೆ ಸೆಂಟು ತರಲಿಲ್ಲ, ಚಾಕಲೇಟು ತರಲಿಲ್ಲ. ಒಂದು ಚೀಲ ಹರಕು ಕಾಗದ ತಂದಳು. ಕಾಗದದ ಚೂರು ಅಂಟಿಸಿ ಚಿತ್ರ ಮಾಡುವುದು ಅವಳ ಕಸುಬು. ಅಲ್ಲಿನ ಟ್ರಾಮ್ ನಿಲ್ದಾಣದ ಗೋಡೆಯೊಂದು ಅವಳ ತಲೆ ಕೆಡಿಸಿತ್ತು. ಪೋಸ್ಟರಿನ ಮೇಲೆ ಪೋಸ್ಟರ್; ಮೇಲಿನದು ಕಿತ್ತುಬಂದಲ್ಲೆಲ್ಲ ಒಳಗಿನ ಹಳೆಯ ಮುಖಗಳು ಇಣುಕುತ್ತಿದ್ದವು. ಇಂಥದ್ದೊಂದು ಮಾಡದೆ ಸತ್ತರೆ ಮುಕ್ತಿಯಿಲ್ಲ ಎಂದುಕೊಂಡೇ ವಿಮಾನ ಹತ್ತಿದ್ದಳು.

ಮೂರು ತಿಂಗಳಾಯಿತು, ಆಗಲಿಲ್ಲ. ಗಣಪತಿ ಚಿತ್ರವಿದೆಯೆಂದು ಅಮ್ಮ ಸಪ್ಪಲಮ್ಮ ಎಸೆಯದೆ ಗುಡ್ಡೆ ಹಾಕಿದ್ದ ಮದುವೆ ಕರೆಯೋಲೆಗಳನ್ನು ಹಲಗೆಗೆ ಅಂಟಿಸಿ, ಮೇಲೆ ಲಿಸ್ಬನ್ ಕಾಗದ ಹೊದಿಸಿ, ಉಗುರಿನಿಂದ ಕಿತ್ತಳು, ಬ್ಲೇಡಿನಿಂದ ಕೆರೆದಳು. ಹೇಗೆ ಕಿತ್ತರೂ ಬೇಕೆಂದೇ ಕಿತ್ತಂತೆ ಕಾಣುತ್ತಿತ್ತು.

ಅಂಟಿಗೂ ಜಗಳವೇ. ಮನೆಯಲ್ಲೇ ಕಾಗದದ ಕವರ್ ಅಂಟಿಸಿ ಮಗಳನ್ನು ಓದಿಸಿದವಳು ಸಪ್ಪಲಮ್ಮ. ಮೈದಾ ಕುದಿಸುವಾಗ ಚೂರು ಮೈಲುತುತ್ತ ಹಾಕು, ಇಲ್ಲದಿದ್ದರೆ ಜಿರಲೆ ಬಿಡುವುದಿಲ್ಲ ಎಂದು ಹೇಳುತ್ತಲೇ ಇದ್ದಳು. ಲಿಸ್ಬನ್ನಿನಲ್ಲಿ ಬರೀ ಹಿಟ್ಟು ನೀರಿನಲ್ಲಿ ಪೋಸ್ಟರ್ ಅಂಟಿಸುವುದನ್ನು ಕಣ್ಣಾರೆ ಕಂಡಿದ್ದ ಮಗಳಿಗೆ ಅಮ್ಮನ ಮಾತು ಯಾವ ಲೆಕ್ಕ?

ಭಾನುವಾರ ಜಯನಗರದ ಗ್ಯಾಲರಿಯ ಪದ್ಮಶ್ರೀ ಬಂದು ನೋಡಿದರು. "ನೀಟಾಗಿದೆ ಕಲ್ಯಾಣಿ. ಹೋಟೆಲ್ ಲಾಬಿಗೆ ಸಖತ್ತಾಗಿರುತ್ತೆ. ಶನಿವಾರದೊಳಗೆ ಬೇರೆ ಏನಾದ್ರೂ ಕೊಡಿ, ಇಲ್ಲಾಂದ್ರೆ ನಿಮ್ಮ ಗೋಡೆ ಇನ್ನೊಬ್ರಿಗೆ ಕೊಟ್ಬಿಡ್ತೀನಿ."

ನೀಟಂತೆ! ಕಲ್ಯಾಣಿಗೆ ಮೈಯೆಲ್ಲ ಉರಿಯಿತು. ಗ್ಯಾಲರಿಯ ಪ್ರದರ್ಶನದಲ್ಲಿ ಐದು ವರ್ಷ ಕಾದು ಸಿಕ್ಕ ಗೋಡೆ ಅದು. ಮತ್ತೆ ಮೊದಲಿಂದ ಎಂದು ಕಿತ್ತಿದ್ದನ್ನೆಲ್ಲ ಚೀಲದಲ್ಲಿ ಉಳಿದಿದ್ದ ಲಿಸ್ಬನ್ ಕಾಗದದಿಂದ ಮುಚ್ಚಿದಳು. ಕೀಳಲು ಮಾತ್ರ ಕೈ ಬರಲಿಲ್ಲ. ಹಲಗೆಯನ್ನು ಮಂಚದಡಿ ತಳ್ಳಿ, ಆ ಊರಿಗೆ ಯಾಕಾದರೂ ಹೋದೆನೋ ಎಂದು ಅತ್ತಳು.

ಗುರುವಾರ ಬೆಳಿಗ್ಗೆ ಕಸ ಗುಡಿಸುತ್ತಿದ್ದ ಅಮ್ಮ ಕೂಗಿಕೊಂಡಳು.

"ಹಾಳಾದ್ ಜಿರಲೆ! ಎಲ್ಲಾ ತಿಂದಾಕವೆ ನೋಡೇ! ಮೈಲುತುತ್ತ ಹಾಕು ಹಾಕು ಅಂತ ಬಡ್ಕೊಂಡೆ, ಕೇಳಿದ್ಯಾ?"

ಕಲ್ಯಾಣಿ ಹಲಗೆಯನ್ನು ಕಿಟಕಿಗೆ ಒರಗಿಸಿದಳು. ಟ್ರಾಮ್ ಟಿಕೆಟ್ಟಿನ ನಡುವೆ ಗಣಪತಿಯ ಒಂದು ಕಣ್ಣು. ಪೋಸ್ಟರಿನ ಹೆಂಗಸಿನ ಕೆನ್ನೆಯಲ್ಲಿ ಅರಿಶಿನದ ಕಲೆ, ಅದರ ಕೆಳಗೆ "ಸುಖಾಗಮನ ಬಯಸುವ" ಎಂಬಷ್ಟೇ ಅಕ್ಷರ. ಯಾರೂ ಬೇಕೆಂದು ಕಿತ್ತದ್ದಲ್ಲ. ಮೂರು ತಿಂಗಳು ತಾನು ತಿಣುಕಿದ್ದನ್ನು ಇವು ನಾಲ್ಕು ದಿನಕ್ಕೆ ಮಾಡಿಟ್ಟಿದ್ದವು. ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿಯಾಯಿತು.

ಅಮ್ಮ ಜಿರಲೆ ಔಷಧಿಯ ಡಬ್ಬಿ ಹಿಡಿದು ಬಂದಳು.

"ಬೇಡ ಇರಮ್ಮ," ಎಂದು ಕಲ್ಯಾಣಿ ಹಲಗೆಯನ್ನು ಮತ್ತೆ ಮಂಚದಡಿ ತಳ್ಳಿದಳು. "ಶನಿವಾರದವರೆಗೂ ಬಿಡು. ಎಡಗಡೆ ಮೂಲೆ ಇನ್ನೂ ತಿಂದಿಲ್ಲ."