ಮೂರನೆಯ ಜಾಗ

ಹಿರೋಳ್ಳಿಯ ಚಂದ್ರಾಮಪ್ಪನ ಮನೆಯಲ್ಲಿ ರೊಕ್ಕ ಎಣಿಸುವ ದಿನ ಬಂತೆಂದರೆ ಹೆಂಗಸರೆಲ್ಲ ಹಿತ್ತಲಿಗೆ ಹೋಗಬೇಕು. ಶೇಂಗಾ ಮಾರಿ ಆಳಂದದ ಪೇಟೆಯಿಂದ ಬಂಡಿ ತಿರುಗಿ ಬಂದ ದಿನ ಚಂದ್ರಾಮಪ್ಪ ನಡುಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದ. ಅಷ್ಟೇ. ಅವನ ಹೆಂಡತಿ ಸಕ್ಕುಬಾಯಿ ಮೊರ ಎತ್ತಿಕೊಂಡು, ಸೊಸೆಯನ್ನು ಕರೆದುಕೊಂಡು ಬೇವಿನ ಮರದ ಕೆಳಗೆ ಹೋಗಿ ಬೇಳೆ ಹಸನು ಮಾಡುತ್ತ ಕೂಡುತ್ತಿದ್ದಳು. ಎರಡನೆಯ ಸಲ ಕೆಮ್ಮು ಕೇಳಿಸಿದ ಮೇಲೆ ಒಳಗೆ ಬರಬೇಕು.

ಲಕ್ಷ್ಮಿಯೂ ಹೆಣ್ಣು, ಒಂದು ಹೆಣ್ಣನ್ನು ಇನ್ನೊಂದು ಹೆಣ್ಣಿನ ಮುಂದೆ ಎಣಿಸಿದರೆ ಅವಳು ಮುನಿಸಿಕೊಂಡು ಹೋಗುತ್ತಾಳೆ ಎಂಬುದು ಆ ಮನೆತನದ ನಂಬಿಕೆ. ಆ ಒಂದು ಮನೆಯದಲ್ಲ, ಆ ಸೀಮೆಯ ಎಷ್ಟೋ ದೊಡ್ಡ ಮನೆಗಳ ನಂಬಿಕೆ. ಗಂಡುಕೂಸಿಗೂ ಹೆಣ್ಣುಕೂಸಿಗೂ ಕೊರಳಿಗೆ ಒಂದೇ ಲಿಂಗ ಕಟ್ಟುವ ಜನ ಅವರು. ದೇವರ ವಿಷಯದಲ್ಲಿ ಇಲ್ಲದ ಭೇದ ರೊಕ್ಕದ ಸಂದೂಕದ ವಿಷಯದಲ್ಲಿ ಹೇಗೆ ಬಂತೆಂದು ಯಾರೂ ಕೇಳಿರಲಿಲ್ಲ. ಸಕ್ಕುಬಾಯಿಯಂತೂ ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಯಾವ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಯಾವ ಗುಮ್ಮಿಯಲ್ಲಿ ತುಂಬಿಟ್ಟ ಜೋಳ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಆಕೆಗೆ ಅಂಗೈ ಮೇಲಿತ್ತು. ಮನೆಯಲ್ಲಿ ಎಷ್ಟು ರೂಪಾಯಿ ಇದೆ ಎಂದು ಮಾತ್ರ ಗೊತ್ತಿರಲಿಲ್ಲ.

ಕೇಳಿದವಳು ಸೊಸೆ ನಿಂಬೆವ್ವ. ಅವಳ ತಂದೆ ಅಫಜಲಪುರದ ಅಡತಿ ಅಂಗಡಿಯಲ್ಲಿ ಮುನೀಮ. ಗಂಡುಮಕ್ಕಳಿಲ್ಲದ ಆತ ತನ್ನ ಲೆಕ್ಕವನ್ನೆಲ್ಲ ಮಗಳಿಗೆ ಕಲಿಸಿದ್ದ.

“ಅತ್ತಿ, ನಮ್ಮ ಮನ್ಯಾಗ ರೊಕ್ಕ ಎಷ್ಟದರಿ?”

ಸಕ್ಕುಬಾಯಿಯ ಕೈಯಲ್ಲಿ ಮೊರ ನಿಂತಿತು. “ಅದು ನಮಗ್ಯಾಕ ಬೇ? ಉಣ್ಣಾಕ ಅದ, ಉಡಾಕ ಅದ.”

“ನಾಳಿ ಮಾವಾರಿಗೆ ಏನರೆ ಆದ್ರ?”

“ಬಾಯಿ ತೊಳಕೊಂಡು ಬಾ ಹೋಗು.”

ಆದರೆ ಅವತ್ತಿನಿಂದ ಆ ಪ್ರಶ್ನೆ ಸಕ್ಕುಬಾಯಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅದು ಸಾವಿರದ ಒಂಬೈನೂರಾ ನಲವತ್ತೇಳು. ಗಡಿಯ ಆಚೆ ಅಕ್ಕಲಕೋಟೆಯಲ್ಲಿ ಬೇರೆ ಬಾವುಟ ಏರಿತ್ತು, ಈಚೆ ಹಿರೋಳ್ಳಿಯಲ್ಲಿ ನಿಜಾಮರ ಆಳಿಕೆಯೇ ಇತ್ತು. ಆಚೆಯ ರೂಪಾಯಿಗೆ ಕಲ್ದಾರ ಎಂದೂ ಈಚೆಯ ರೂಪಾಯಿಗೆ ಹಾಲಿ ಎಂದೂ ಹೆಸರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಅಜ್ಜಂದಿರ ಕಾಲದಿಂದ ಎರಡೂ ಒಂದೇ ಚೀಲದಲ್ಲಿ ಇರುತ್ತಿದ್ದವು. ಆ ಚಳಿಗಾಲದಲ್ಲಿ ಕಲ್ದಾರ ನಡೆಸಬಾರದೆಂದು ಡಂಗುರ ಸಾರಿದರು. ಗಡಿ ಮುಚ್ಚಿತು. ಉಪ್ಪು, ದೀಪದ ಗ್ಯಾಸಲೆಣ್ಣೆ ಸಿಗದಂತಾದವು. ನಿಜಾಮರ ಪರವಾಗಿ ಬಂದೂಕು ಹಿಡಿದವರು ಹಳ್ಳಿಗೆ ಬಂದು ಚಂದಾ ಕೇಳತೊಡಗಿದರು. ಚಂದ್ರಾಮಪ್ಪನ ಮಗ, ನಿಂಬೆವ್ವನ ಗಂಡ ಖಂಡಪ್ಪ ಗಡಿ ದಾಟಿ, ನಿಜಾಮರ ವಿರುದ್ಧ ಹೋರಾಡುವವರ ಶಿಬಿರ ಸೇರಿದ.

ಮಗ ಹೋದ ಮರುದಿನ ಚಂದ್ರಾಮಪ್ಪ ಹೆಂಡತಿಗೆ ಹೇಳಿದ: “ಮೈಮ್ಯಾಲಿನ ಬಂಗಾರ ತೆಗೆದು ಕೊಡು. ಇಂಥಾ ದಿನದಾಗ ಬ್ಯಾಡ.” ಸಕ್ಕುಬಾಯಿ ತವರಿನಿಂದ ತಂದ ಟೀಕಿ, ಬೋರಮಾಳ, ಸೊಂಟದ ಪಟ್ಟಿ ಎಲ್ಲವನ್ನೂ ಬಿಚ್ಚಿ ಕೊಟ್ಟಳು. ಆಮೇಲೆ ಆತ ಅತ್ತೆ ಸೊಸೆಯರನ್ನು ಬಂಡಿಯಲ್ಲಿ ಕೂಡಿಸಿ, ಘತ್ತರಗಿಯ ಭಾಗ್ಯವಂತಿಗೆ ಹರಕೆ ತೀರಿಸಿ ಬರ್ರಿ ಎಂದು ಕಳಿಸಿದ. ಜತೆಗೆ ಎದುರು ಮನೆಯಲ್ಲಿ ಬೇರೆ ಇದ್ದ ಆತನ ತಮ್ಮ ದೌಲತರಾಯನೂ ಹೋದ. ಐದು ದಿನದ ಮೇಲೆ ತಿರುಗಿ ಬಂದಾಗ ಮನೆಯೆಲ್ಲ ಹೊಸದಾಗಿ ಸಾರಿಸಿತ್ತು, ಸಂದೂಕ ಬರಿದಾಗಿತ್ತು.

ಸಕ್ಕುಬಾಯಿ ಜೀವನದಲ್ಲಿ ಮೊದಲ ಸಲ ಕೇಳಿದಳು: “ಎಲ್ಲಿ ಇಟ್ರಿ, ನನಗೊಂದು ಮಾತು ಹೇಳ್ರಿ.”

ಚಂದ್ರಾಮಪ್ಪ ಸಿಟ್ಟಾಗಲಿಲ್ಲ. “ಗೊತ್ತಿದ್ರಲ್ಲ ಹೇಳೂದು? ಕುತ್ತಿಗಿಗೆ ಬಂದೂಕ ಹಿಡದ್ರ ನೀ ಹೇಳಿಬಿಡತಿ. ಗೊತ್ತಿಲ್ಲದವರ ಕಡಿಂದ ಯಾರೂ ಹೇಳಸಲಾರರು.”

“ನಿಮಗ ಹಿಡದ್ರ?”

“ನಾ ಗಂಡಸು,” ಎಂದು ಆತ ಹೊಲಕ್ಕೆ ಹೋದ.

ಬಂದೂಕಿನವರು ಬರುವ ಮೊದಲೇ ಬೇರೊಂದು ಬಂತು. ಯುಗಾದಿಯಾಗಿ ಹದಿನೈದು ದಿನಕ್ಕೆ, ಮುಂಜಾನೆ ಮುಖ ತೊಳೆಯುತ್ತಿದ್ದ ಚಂದ್ರಾಮಪ್ಪ ಬಚ್ಚಲ ಕಲ್ಲಿನ ಮೇಲೆ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಕೈಕಾಲು ಹೋದವು, ನಾಲಿಗೆ ಹೋಯಿತು. ಕಣ್ಣೆರಡು ಮಾತ್ರ ಉಳಿದವು.

ಆ ಕಣ್ಣು ಸಕ್ಕುಬಾಯಿಯನ್ನು ಬಿಟ್ಟು ಅಲುಗಲಿಲ್ಲ. ಅವಳು ಒಲೆಯ ಮುಂದಿದ್ದರೆ ಒಲೆಯ ಕಡೆ, ಬಾಗಿಲಿಗೆ ಹೋದರೆ ಬಾಗಿಲ ಕಡೆ. ಗಂಟಲಲ್ಲಿ ಒಂದು ಗರಗರ ಸದ್ದು ಎದ್ದು ಅಲ್ಲೇ ಅಡಗುತ್ತಿತ್ತು. ಹೇಳಬಾರದೆಂದು ಬಾಯಿ ಬಿಗಿಹಿಡಿದ ಮನುಷ್ಯ ಈಗ ಹೇಳಬೇಕೆಂದು ಒದ್ದಾಡುತ್ತಿದ್ದ.

ಮನೆಯಲ್ಲಿ ಹನ್ನೊಂದು ರೂಪಾಯಿ ಇತ್ತು. ಔಷಧಿ ಸೊಲ್ಲಾಪುರದಿಂದ ಕಳ್ಳದಾರಿಯಲ್ಲಿ ಬರಬೇಕು, ಒಂದಕ್ಕೆ ನಾಲ್ಕು ಬೆಲೆ. ಎರಡು ಒಳ್ಳೆಯ ಎತ್ತುಗಳನ್ನು ದಲ್ಲಾಳಿ ದತ್ತಪ್ಪ ಅರ್ಧಕ್ಕರ್ಧ ಬೆಲೆಗೆ ಹೊಡೆದುಕೊಂಡು ಹೋದ. ಉಪ್ಪಿಲ್ಲದ ಅಂಬಲಿ ಕುಡಿದು ದಿನ ನೂಕಿದರು. ದೌಲತರಾಯ ಗುದ್ದಲಿ ಹಿಡಿದು ದನದ ಕೊಟ್ಟಿಗೆ ಅಗೆದ, ಬಚ್ಚಲು ಅಗೆದ, ಒಲೆಗುಂಡು ಕಿತ್ತ, ಕೊನೆಗೆ ಅಣ್ಣ ಮಲಗಿದ ಹೊರಸಿನ ಪಕ್ಕದಲ್ಲೇ ನೆಲ ಅಗೆಯತೊಡಗಿದ. ಅಲ್ಲಿ ಏನೂ ಇಲ್ಲವೆಂದು ಚಂದ್ರಾಮಪ್ಪನಿಗೆ ಗೊತ್ತಿತ್ತು. ಪ್ರತಿ ಏಟಿಗೂ ಅವನ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಸಕ್ಕುಬಾಯಿ ಸೆರಗಿನಿಂದ ಒರೆಸುತ್ತ ಕೂತಿದ್ದಳು.

ಇಪ್ಪತ್ತು ದಿನವಾದ ಮೇಲೆ ಆಳಂದದಿಂದ ಹಕೀಮ ಶರಫುದ್ದೀನ ಬಂದರು. ನಾಡಿ ನೋಡಿ, ಕಿವಿಯ ಹತ್ತಿರ ಮಾತಾಡಿ ನೋಡಿ, ಎದ್ದು ಹೊರಗೆ ಬಂದರು.

“ಅಮ್ಮಾ, ಇವರ ನಾಲಿಗಿ ಹೋಗ್ಯಾದ. ಅಕಲ್ ಹೋಗಿಲ್ಲ. ನೀವು ಆಡೂದೆಲ್ಲಾ ಇವರಿಗಿ ಕೇಳಸ್ತದ, ತಿಳೀತದ.”

ಬಾಗಿಲ ಮರೆಯಲ್ಲಿದ್ದ ನಿಂಬೆವ್ವ ಅದನ್ನು ಕೇಳಿಸಿಕೊಂಡಳು. ಮೂರು ವರ್ಷದಲ್ಲಿ ಮಾವನ ಮುಂದೆ ತಲೆ ಎತ್ತದ ಹುಡುಗಿ ಸೆರಗನ್ನು ಹಿಂದೆ ಸರಿಸಿ, ಹೊರಸಿನ ಮುಂದೆ ಕೂತು, ಅವನ ಮುಖ ನೋಡಿದಳು.

“ಮಾವ, ಹೌದಂದ್ರ ಒಮ್ಮಿ ಕಣ್ಣು ಮುಚ್ಚರಿ. ಅಲ್ಲಂದ್ರ ಹಂಗೇ ನೋಡ್ರಿ. ನಿಮ್ಮ ಹೆಸರು ಚಂದ್ರಾಮಪ್ಪ ಏನ್ರಿ?”

ಕಣ್ಣು ಮುಚ್ಚಿ ತೆರೆಯಿತು.

“ನಿಮ್ಮ ಹೆಸರು ದತ್ತಪ್ಪ ಏನ್ರಿ?”

ಕಣ್ಣು ಹಾಗೇ ನೋಡುತ್ತಿತ್ತು.

ಮುಚ್ಚಿಹೋದ ಬಾವಿಯೊಳಗಿಂದ ಯಾರೋ ಓ ಎಂದಂತೆ ಆಯಿತು ಸಕ್ಕುಬಾಯಿಗೆ.

ದೌಲತರಾಯ ಗುದ್ದಲಿ ಬಿಟ್ಟು ಓಡಿಬಂದ. “ಸಾಕು. ಹೆಂಗಸರು ಹೊರಗ ಹೋಗ್ರಿ. ರೊಕ್ಕದ ಮಾತು ನಾ ಕೇಳ್ತೇನಿ.” ಹೆಂಗಸರು ಹಿತ್ತಲಿಗೆ ಹೋದರು. ಆತ ಕೇಳಿದ, ಗದರಿದ, ಬೇಡಿಕೊಂಡ. ಚಂದ್ರಾಮಪ್ಪನ ಕಣ್ಣು ಬಾಗಿಲ ಕಡೆಯೇ ಇತ್ತು, ಒಮ್ಮೆಯೂ ಮುಚ್ಚಲಿಲ್ಲ. ಮಧ್ಯಾಹ್ನ ದೌಲತರಾಯ ತಾನಾಗಿ ಹೊರಗೆ ಬಂದು, “ನೀನs ಕೇಳು ಹೋಗವ್ವ,” ಎಂದ.

ನಿಂಬೆವ್ವ ಅವಸರ ಮಾಡಲಿಲ್ಲ. ಎಷ್ಟು ಜಾಗ? ಒಂದಾ, ಎರಡಾ, ಮೂರಾ? ಮೂರಕ್ಕೆ ಕಣ್ಣು ಮುಚ್ಚಿತು. ಮನೆಯೊಳಗೇ? ಅಲ್ಲ. ಅಂಗಳದಲ್ಲೇ? ಹೌದು. ಅಂಗಳದಲ್ಲಿ ಕಾಳು ತುಂಬುವ ಹಳೆಯ ಹಗೇವು ಒಂದು ಬಿಟ್ಟರೆ ಬೇರೇನಿತ್ತು? ಹೌದು, ಅದೇ. ಎರಡನೆಯದು ಹೊಲದಲ್ಲಿ. ಯಾವ ಹೊಲ, ಯಾವ ಕಡೆಯ ಬಾಂದಗಲ್ಲು, ಕಲ್ಲಿನಿಂದ ಎಷ್ಟು ಮೊಳ? ಅವಳು ಒಂದೊಂದೇ ಅಂಕಿ ಹೇಳುತ್ತ ಹೋದಳು. ಏಳಕ್ಕೆ ಕಣ್ಣು ಮುಚ್ಚಿತು. ಸಂಜೆಯೊಳಗೆ ಎರಡು ತಾಮ್ರದ ಬಿಂದಿಗೆ ಮನೆಗೆ ಬಂದವು. ಸಕ್ಕುಬಾಯಿಗೆ ಬಿಂದಿಗೆಗಿಂತ ಸೊಸೆಯನ್ನು ನೋಡುವುದೇ ಆಯಿತು. ಮಾತಿಲ್ಲದ ಮನುಷ್ಯನಿಂದ ಮಾತು ತೆಗೆದ ಈ ಹುಡುಗಿಯನ್ನೇ ಅಲ್ಲವೆ ತಾನು ಬೇಳೆ ಹಸನು ಮಾಡಲು ಕೂಡಿಸುತ್ತಿದ್ದದ್ದು?

ಮೂರನೆಯ ಜಾಗ ಮಾತ್ರ ಸಿಕ್ಕಲಿಲ್ಲ. ಹೊಲವೇ? ಅಲ್ಲ. ಊರೊಳಗೇ? ಅಲ್ಲ. ಹಳ್ಳದ ದಂಡೆಯೇ? ಅಲ್ಲ. ಚಂದ್ರಾಮಪ್ಪ ಹೆಂಡತಿಯ ಬರಿಗೊರಳನ್ನೇ ನೋಡುತ್ತಿದ್ದ.

“ಅದು ನನ್ನ ತವರಿನ ಬಂಗಾರ ಏನ್ರಿ?” ಎಂದಳು ಸಕ್ಕುಬಾಯಿ.

ಕಣ್ಣು ಮುಚ್ಚಿತು. ಬಹಳ ಹೊತ್ತು ತೆರೆಯಲಿಲ್ಲ. ಉಸಿರು ಏರುತ್ತಿತ್ತು, ಹಣೆಯಲ್ಲಿ ಬೆವರು. ಸಕ್ಕುಬಾಯಿಗೆ ತಡೆಯಲಾಗಲಿಲ್ಲ. “ಸಾಕು ನಿಂಬೆವ್ವ. ದಣದಾರ. ಉಳದದ್ದು ನಾಳಿ ಕೇಳೋಣು.”

ಮರುದಿನ ಬೆಳಗಾಗುವಷ್ಟರಲ್ಲಿ ಚಂದ್ರಾಮಪ್ಪ ಹೋಗಿಬಿಟ್ಟಿದ್ದ. ಕಣ್ಣು ತೆರೆದೇ ಇದ್ದವು. ಸಕ್ಕುಬಾಯಿ ತನ್ನ ಕೈಯಾರೆ ಮುಚ್ಚಿದಳು. ಎಪ್ಪತ್ತು ತೊಲೆ ಬಂಗಾರವಿದ್ದ ಆ ಜಾಗದ ಗುಟ್ಟು ಮಣ್ಣಿಗೆ ಹೋದವನ ಜತೆ ಮಣ್ಣಿಗೇ ಹೋಯಿತು. ಆರು ತಿಂಗಳ ಹಿಂದೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಒಂದೇ ಮಾತು.

ಹನ್ನೊಂದನೆಯ ದಿನ ಚಂದ್ರಾಮಪ್ಪನ ದಿವಸದ ಊಟವಾದ ಮೇಲೆ ಪಡಸಾಲೆಯಲ್ಲಿ ಹಿರಿಯರು ಕೂತರು. ಊರಿಗೆ ಹಿರಿಯನಾದ ಶಾಂತಲಿಂಗಪ್ಪ, ದೌಲತರಾಯ, ದಲ್ಲಾಳಿ ದತ್ತಪ್ಪ. ಖಂಡಪ್ಪ ಗಡಿಯ ಆಚೆಯೇ ಇದ್ದ. ಆಗ ಊರೂರಿಗೂ ಒಂದೇ ಸುದ್ದಿ: ನಿಜಾಮರ ಆಟ ಇನ್ನೇನು ಮುಗಿಯಿತು, ಹಾಲಿ ರೂಪಾಯಿ ಇನ್ನು ಬರಿ ಕಾಗದ. ಜನ ಹೆದರಿ ಮೂರು ಹಾಲಿಗೆ ಒಂದು ಕಲ್ದಾರದಂತೆ ಕೊಟ್ಟುಬಿಡುತ್ತಿದ್ದರು.

“ವೈನಿ, ಬಿಂದಿಗಿ ಎರಡೂ ಕೊಡ್ರಿ,” ಎಂದು ದೌಲತರಾಯ ಅತ್ತಿಗೆಗೆ ಹೇಳಿದ. “ದತ್ತಪ್ಪ ನಮ್ಮವ. ಎರಡಕ್ಕೊಂದು ಕಲ್ದಾರ ಹಚ್ಚಿ ಕೊಡ್ತಾನ. ನಾನೂ ನಂದೆಲ್ಲಾ ಕೊಟ್ಟೀನಿ.”

ಸಕ್ಕುಬಾಯಿ ಒಳಗಿನಿಂದ ಬಿಂದಿಗೆ ತಂದಳು. ಆದರೆ ಕೊಡಲಿಲ್ಲ. ಪಡಸಾಲೆಯ ನಡುವೆ ಇಟ್ಟು, ಪಕ್ಕದಲ್ಲಿ ಕೂತು, ಸೊಸೆಯನ್ನು, ಮಣ್ಣಿಗೆಂದು ಬಂದು ಅಲ್ಲೇ ಉಳಿದಿದ್ದ ಗಂಡನ ಅಕ್ಕ, ವಿಧವೆ ಮಾಣಿಕಮ್ಮನನ್ನು, ದೌಲತರಾಯನ ಹೆಂಡತಿ ಸುಂದರಬಾಯಿಯನ್ನು ಹೆಸರು ಹಿಡಿದು ಕರೆದಳು. “ಇಲ್ಲೇ ಎಣಸು ನಿಂಬೆವ್ವ. ಎಲ್ಲಾರಿಗೂ ಕೇಳಸೂ ಹಾಂಗ.”

ಶಾಂತಲಿಂಗಪ್ಪ ತಲೆ ಅಲ್ಲಾಡಿಸಿದ. “ಸಕ್ಕುಬಾಯಿ, ಹಿರ್ಯಾರು ಹಾಕಿದ ರೇಖಿ ದಾಟಬ್ಯಾಡ. ಹೆಂಗಸರ ಕಣ್ಣಿಗಿ ಬಿದ್ದ ಲಕ್ಷ್ಮಿ ಮನ್ಯಾಗ ನಿಲ್ಲಂಗಿಲ್ಲ.”

“ನನ್ನ ಬಂಗಾರ ಹೆಂಗಸರ ಕಣ್ಣಿಗಿ ಬಿದ್ದು ಹೋಗಿಲ್ರಿ ಯಪ್ಪಾ,” ಎಂದಳು ಸಕ್ಕುಬಾಯಿ. “ಬೀಳದs ಹೋಗ್ಯಾದ.”

ನಿಂಬೆವ್ವ ಎಣಿಸಿದಳು. ಹಳೆಯ ಬೆಳ್ಳಿಯ ರೂಪಾಯಿ ಎಂಟುನೂರಾ ಅರವತ್ತು. ಹಾಲಿ ನೋಟು ಎರಡು ಸಾವಿರದ ನಾಲ್ಕುನೂರು. ಸಕ್ಕುಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಇಷ್ಟು ಇತ್ತು, ಇಷ್ಟು ಇಟ್ಟುಕೊಂಡು ಮಲಗಿದ್ದವನಿಗೆ ತಾನು ಉಪ್ಪಿಲ್ಲದ ಅಂಬಲಿ ಕುಡಿಸಿದ್ದಳು.

“ಜಲ್ದಿ ಮಾಡ್ರಿ,” ಎಂದ ದತ್ತಪ್ಪ. “ನಾಳಿ ಈ ನೋಟಿಗಿ ಯಾರೂ ಕೇಳವರಿಲ್ಲ.”

ನಿಂಬೆವ್ವ ತಲೆ ಎತ್ತದೆಯೇ ಕೇಳಿದಳು: “ಒಂದು ಮಾತ್ರಿ. ನಾಳಿ ಇದು ಬರಿ ಕಾಗದ ಆಗೂದು ಖರೇ ಇದ್ರ, ಇವತ್ತು ನೀವ್ಯಾಕ ಕೊಳ್ಳಾಕತ್ತೀರಿ?”

ದತ್ತಪ್ಪ ತನ್ನ ಚೀಲದ ದಾರ ಬಿಗಿಯತೊಡಗಿದ. ಶಾಂತಲಿಂಗಪ್ಪ ಅವನ ಕಡೆ ತಿರುಗಿ ನೋಡಿದ. ಆ ಮುದುಕನ ಮುಖದಲ್ಲಿ ಮೊದಲ ಸಲ ಒಂದು ಅನುಮಾನ ಸುಳಿಯಿತು.

“ನಾಳಿ ಏನಾಗ್ತದ ನನಗೂ ಗೊತ್ತಿಲ್ರಿ,” ಎಂದು ನಿಂಬೆವ್ವ ಮುಂದುವರಿಸಿದಳು. “ಗೊತ್ತಿಲ್ಲ ಅಂತs ಎಲ್ಲಾ ಒಂದs ಕಡಿ ಇಡಬಾರದು. ಸ್ವಲ್ಪ ನೋಟು ಕೊಟ್ಟು ಎತ್ತು ಕೊಳ್ಳೋಣು, ಬಿತ್ತಾಕ ಬೀಜ, ವರ್ಷಕ್ಕಾಗೂ ಜೋಳ ತರೋಣು. ಬೆಳ್ಳಿ ಹಂಗೇ ಇರ್ಲಿ, ಯಾರ ರಾಜ್ಯ ಬಂದ್ರೂ ಬೆಳ್ಳಿ ಬೆಳ್ಳೀನ. ಉಳದ ನೋಟು ಕಾಯಲಿ. ಎಲ್ಲಾರೂ ಓಡ್ತಾರಂತ ನಾವೂ ಓಡಿದ್ರ ಓಡಸವ್ರಿಗಷ್ಟs ಲಾಭ.”

ದೌಲತರಾಯ ಎದ್ದುನಿಂತ. “ವೈನಿ, ಒಂದು ಹುಡಿಗಿ ಮಾತು ಕೇಳಿ ಮನಿ ಮುಳಗಸ್ತೀರಿ ನೀವು.”

“ಮುಳಗಿದ ಮನ್ಯಾಗs ಕುಂತೀವಿ ದೌಲತ. ಈಗ ತೇಲಾಕ ನೋಡಾಕತ್ತೇವಿ. ಬಿಂದಿಗಿ ಕೊಡಾಂಗಿಲ್ಲ.”

ಜೀವನದಲ್ಲಿ ಆಕೆ ಗಂಡಸರಿಗೆ ಇಲ್ಲ ಎಂದದ್ದು ಅದೇ ಮೊದಲು. ಹೇಳಿದ ಮೇಲೂ ಕೈಯನ್ನು ಬಿಂದಿಗೆಯ ಮೇಲಿನಿಂದ ತೆಗೆಯಲಿಲ್ಲ.

ನಿಂಬೆವ್ವ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದಳು. ಏನು ಎಲ್ಲಿದೆ ಎಂಬುದು ಸಕ್ಕುಬಾಯಿ, ನಿಂಬೆವ್ವ, ಮಾಣಿಕಮ್ಮ ಮೂವರಿಗೂ ಬಾಯಿಪಾಠವಾಯಿತು. ಬಂದೂಕಿನವರು ಆಷಾಢದಲ್ಲಿ ಒಮ್ಮೆ ಬಂದರು. ಜೋಳದ ಎರಡು ಚೀಲ ಹೊತ್ತುಕೊಂಡು ಹೋದರು. ಮೂವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಗಂಡನಿಗೆ ಇದನ್ನು ತೋರಿಸಬೇಕಿತ್ತು ಎಂದುಕೊಂಡಳು ಸಕ್ಕುಬಾಯಿ.

ಸೆಪ್ಟೆಂಬರಿನಲ್ಲಿ ಗಡಿಯ ಆಚೆಯಿಂದ ಫೌಜು ಬಂತು. ಐದು ದಿನದಲ್ಲಿ ನಿಜಾಮರ ಆಳಿಕೆ ಮುಗಿಯಿತು. ಮುಸಲ್ಮಾನರ ಮನೆಗಳ ಮೇಲೆ ಏಟು ಬಿದ್ದ ಆ ಮೇಲಿನ ಕೆಟ್ಟ ದಿನಗಳಲ್ಲಿ ಹಕೀಮ ಶರಫುದ್ದೀನರ ಹೆಂಡತಿ ಪ್ಯಾರಿಬಿ ಮತ್ತು ಮಕ್ಕಳು ಎರಡು ವಾರ ಸಕ್ಕುಬಾಯಿಯ ನಡುಮನೆಯಲ್ಲೇ ಇದ್ದರು. ವರ್ಷಕ್ಕೆಂದು ತುಂಬಿಟ್ಟ ಗುಮ್ಮಿಯಲ್ಲಿ ಅವರಿಗೂ ಸಾಕಾಗುವಷ್ಟು ಜೋಳವಿತ್ತು.

ಹಾಲಿ ರೂಪಾಯಿ ಕಾಗದವಾಗಲಿಲ್ಲ. ಕಲ್ದಾರದ ಜತೆ ಮೊದಲಿನಂತೆಯೇ ನಡೆಯಿತು, ಏಳಕ್ಕೆ ಆರು. ಹೆದರಿ ಕೊಟ್ಟವರು ತಲೆಯ ಮೇಲೆ ಕೈ ಹೊತ್ತರು. ದೌಲತರಾಯ ಎಂಟು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ದತ್ತಪ್ಪ ಮಾತ್ರ ಆಳಂದದಲ್ಲಿ ಮಾಳಿಗೆ ಮನೆ ಕಟ್ಟಿಸತೊಡಗಿದ. ತಿರುಗಿ ಬಂದ ಖಂಡಪ್ಪ ಒಂದು ವಾರ ಅಲ್ಲಿ ಇಲ್ಲಿ ಅಗೆದ. ಸಕ್ಕುಬಾಯಿಯೇ ಸಾಕೆಂದಳು. ಆ ಬಂಗಾರ ಇವತ್ತಿಗೂ ಸಿಕ್ಕಿಲ್ಲ.

ದಸರೆಯ ಮುಂದೆ ಒಂದು ಮಧ್ಯಾಹ್ನ ಸುಂದರಬಾಯಿ ಬಂದಳು. ಸೆರಗಿನ ಅಂಚು ಸುತ್ತುತ್ತ ಕೇಳಿದಳು: “ಅಕ್ಕಾ, ನಮ್ಮ ಮನ್ಯಾಗ ಏನು ಉಳದದ, ಎಲ್ಲದ ನನಗ ತಿಳಿವಲ್ದು. ಹ್ಯಾಂಗ ಕೇಳ್ಲಿ? ಬೈತಾರ.”

“ಬೈಲಿ,” ಎಂದಳು ಸಕ್ಕುಬಾಯಿ. “ಬೈಯಾಕ ನಾಲಿಗಿ ಅದಲ್ಲ ಅವನಿಗಿ. ಇದ್ದಾಗs ಕೇಳು. ಇವತ್ತs ಹೋಗಿ ಕೇಳು.”

ಸುಂದರಬಾಯಿ ಎದ್ದಳು. ಅವಳ ಮನೆ ಎದುರಿಗೇ. ಕಟ್ಟೆಯ ಮೇಲೆ ನಿಂತ ಅತ್ತೆ ಸೊಸೆಯರಿಗೆ ದೌಲತರಾಯನ ಸಿಟ್ಟಿನ ದನಿ ಕೇಳಿಸಿತು, ಊಟದ ತಾಟು ನೂಕಿದ ಸದ್ದು ಕೇಳಿಸಿತು. ಆಮೇಲೆ ಸುಂದರಬಾಯಿಯ ಸಣ್ಣ ದನಿ. ಅವಳು ಅದನ್ನೇ ಇನ್ನೊಮ್ಮೆ ಕೇಳುತ್ತಿದ್ದಳು.