ಉಪಾಲಿಯ ಹೆಸರಿಗೆ

ಪೋಸ್ಟ್‌ಮ್ಯಾನ್ ಜಿನದಾಸ ಏಣಿಯ ಮೇಲೆ ನಿಂತು ಬಿಳಿ ಬಾವುಟಗಳ ದಾರವನ್ನು ಹಲಸಿನ ಕೊಂಬೆಗೆ ಬಿಗಿಯುತ್ತಿದ್ದಾಗ ಕೆಳಗಿನಿಂದ ನಿಹಾಲ್ ಒಂದು ಕಾಗದವನ್ನು ಮೇಲೆತ್ತಿ ಹಿಡಿದ.

"ನೋಟಿಸು ಬಂತು ಮಾವ. ಅಂಟಿಸೋಕೆ ಮುಂಚೆ ಒಂದ್ಸಲ ಕಣ್ಣಾಡಿಸಿಬಿಡಿ."

ಶಾಯಿ ಇನ್ನೂ ಕೈಗೆ ಹತ್ತುತ್ತಿತ್ತು. ನಿವೃತ್ತ ಪೋಸ್ಟ್‌ಮಾಸ್ಟರ್ ಆರಿಯದಾಸ ತೀರಿಕೊಂಡರು, ಸುಮನಾವತಿಯ ಪತಿ, ದಿವಂಗತ ಉಪಾಲಿ ಮತ್ತು ದಯಾನಿಯ ಅಕ್ಕರೆಯ ತಂದೆ, ನಿಹಾಲನ ಮಾವ, ಈ ದಿನ ಸಂಜೆ ಗೊಡಗಮದ ಸ್ಮಶಾನದಲ್ಲಿ ಅಂತ್ಯಕ್ರಿಯೆ. ಜಿನದಾಸ ಏಣಿಯಿಂದ ಇಳಿದ. ಬೆರಳು 'ದಿವಂಗತ' ಎಂಬ ಪದದ ಮೇಲೆ ನಿಂತಿತು.

"ಸುಮನಾವತಿ ಅಕ್ಕ ಇದನ್ನ ನೋಡಿದ್ರಾ?"

ನಿಹಾಲ್ ಹೆಂಡತಿಯ ಕಡೆ ತಿರುಗಿದ. ದಯಾನಿ ಬಿಳಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಾಗಿಲ ಬಳಿ ನಿಂತಿದ್ದಳು.

"ಹೇಗೆ ಬರೀಲಿ ಮಾವ ಮತ್ತೆ?" ಎಂದಳು. "ಆ ಪದ ಬಿಟ್ರೆ, ಬಂದೋರೆಲ್ಲ ಅಣ್ಣ ಯಾವಾಗ ಬರ್ತಾನೆ, ಹೆಣ ಇನ್ನೊಂದಿನ ಇಡ್ತೀರಾ ಅಂತ ಕೇಳ್ತಾರೆ. ಹೆಸರನ್ನೇ ಬಿಟ್ರೆ ಅಮ್ಮ ನನ್ನ ಮುಖ ನೋಡಲ್ಲ. ಅಪ್ಪ ಮರಣ ಪತ್ರಕ್ಕೆ ಸಹಿ ಹಾಕಿದ ಮೇಲೆ ಸರ್ಕಾರದ ಲೆಕ್ಕದಲ್ಲಿ ಅವನು ಅದೇ ತಾನೆ."

"ಯಾರಾದ್ರೂ ಅಕ್ಕನಿಗೆ ತೋರಿಸಬೇಕು."

"ನೀವೇ ಕೊಡಿ ಮಾವ. ನಮ್ಮ ಕೈಲಾಗಲ್ಲ."

ಊರಿಗೆಲ್ಲ ಕಾಗದ ಹಂಚುವವನು ಇದೊಂದನ್ನು ಒಲ್ಲೆ ಎನ್ನುವುದು ಹೇಗೆ? ಜಿನದಾಸ ಚಪ್ಪಲಿ ಕಳಚಿದ.

ಶಾಮಿಯಾನದ ಕೆಳಗೆ ಗಂಡಸರು ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಅಂಗಡಿಯ ಸಿರಿಸೇನ ಮುದುಕ ಹಳೇ ಕತೆ ಬಿಚ್ಚಿದ್ದ. "ನನ್ನ ಮೊದಲನೇ ಹೆಂಡ್ತಿ ತೌರಿಗೆ ಹೋಗಿದ್ಲು. ತಂತಿ ಕೊಡೋಕೆ ಹೋದೆ. ಈ ಪೋಸ್ಟ್‌ಮಾಸ್ಟರ್ ಪದ ಲೆಕ್ಕ ಹಾಕಿ, 'ಪ್ರೀತಿಯ' ಅನ್ನೋದನ್ನ ತೆಗೆದುಬಿಡು ಸಿರಿಸೇನ, ದುಡ್ಡು ಉಳಿಯುತ್ತೆ, ಅವಳಿಗೆ ಹೇಗೂ ಗೊತ್ತಿರುತ್ತೆ ಅಂದ. ನಾನೂ ತೆಗೆದೆ. ಅವಳು ವಾಪಸ್ ಬರಲೇ ಇಲ್ಲ."

ಸುತ್ತಲಿನವರು ನಕ್ಕು, ಮನೆಯೊಳಗಿನ ಸಾವು ನೆನಪಾಗಿ ಬಾಯಿ ಮುಚ್ಚಿಕೊಂಡರು.

ನಡುಮನೆಯಲ್ಲಿ ಗೋಡೆಯ ಪಟಗಳನ್ನೆಲ್ಲ ಪದ್ಧತಿಯಂತೆ ಹಿಂದುಮುಂದು ಮಾಡಿ ತೂಗುಹಾಕಿದ್ದರು. ಪೆಟ್ಟಿಗೆಯಲ್ಲಿ ಮಲಗಿದ್ದ ಪೋಸ್ಟ್‌ಮಾಸ್ಟರರ ತಲೆಯ ಕಡೆ ತೆಂಗಿನೆಣ್ಣೆಯ ದೀಪ ಉರಿಯುತ್ತಿತ್ತು. ಸುಮನಾವತಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಗಂಡನ ಕಾಲರಿನ ಮೇಲಿಂದ ಇರುವೆಯೊಂದನ್ನು ಬಿಡಿಸುತ್ತಿದ್ದರು. ನೋಟಿಸನ್ನು ಕೈಗೆ ತೆಗೆದುಕೊಂಡು, ಕಣ್ಣಿನಿಂದ ದೂರ ಹಿಡಿದು, ಹಿಂದಕ್ಕೆ ಕೊಟ್ಟರು.

"ಕನ್ನಡಕ ಎಲ್ಲಿಟ್ಟೆನೋ. ನೀನೇ ಓದು ತಮ್ಮ."

ಜಿನದಾಸ ಓದಿದ. ಪತಿಯ ಸಾಲು ದಾಟಿದ. "ಉಪಾಲಿ ಮತ್ತು ದಯಾನಿಯ ಅಕ್ಕರೆಯ ತಂದೆ..."

"ಅಲ್ಲಿ ಇನ್ನೊಂದು ಪದ ಇರಬೇಕಲ್ಲ."

ಅವನು ಕಾಗದವನ್ನು ಮಡಚಹೋದ.

"ಓದು. ಇಷ್ಟು ವರ್ಷ ಆ ಹೆಸರನ್ನ ಗೇಟಿನಲ್ಲಿ ಕೂಗಿದ್ದೀಯ. ಅಚ್ಚಾದದ್ದನ್ನ ಓದೋಕೆ ಏನು?"

ಜಿನದಾಸ ಆ ಪದ ಓದಿದ. ಸುಮನಾವತಿ ಹ್ಞೂಂ ಎಂದು ಮತ್ತೆ ಕಾಲರಿನ ಕಡೆ ಬಾಗಿದರು. ಅಂಟಿಸಬೇಕೋ ಬೇಡವೋ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೊರಗೆ ಬಂದು ಮೈದಾಹಿಟ್ಟಿನ ಅಂಟು ಕಲಸಿದ.

*

ಎಂಬತ್ತೊಂಬತ್ತರಲ್ಲಿ, ಯುವಕರ ಚಳವಳಿಯನ್ನು ಸರ್ಕಾರ ಹತ್ತಿಕ್ಕುತ್ತಿದ್ದ ವರ್ಷ, ನಂಬರ್ ಪ್ಲೇಟಿಲ್ಲದ ಜೀಪೊಂದು ಮಟಮಟ ಮಧ್ಯಾಹ್ನ ಜಂಕ್ಷನ್ನಿಗೆ ಬಂದು, ಬಸ್ಸಿಗಾಗಿ ನಿಂತಿದ್ದ ನಾಲ್ವರು ಹುಡುಗರನ್ನು ಹತ್ತಿಸಿಕೊಂಡು ಹೋಗಿತ್ತು. ಉಪಾಲಿ ಅವರಲ್ಲೊಬ್ಬ. ಅವನು ಆ ಚಳವಳಿಯಲ್ಲಿ ಇದ್ದನೋ, ಇದ್ದವರ ಪಕ್ಕ ಬಸ್ಸಿಗೆ ಕಾಯುತ್ತಿದ್ದನೋ, ಊರಿಗೆ ಇಂದಿಗೂ ಗೊತ್ತಿಲ್ಲ. ಪೋಸ್ಟ್‌ಮಾಸ್ಟರರು ಮಾತರಕ್ಕೆ ಹೋದರು, ಗಾಲೆಗೆ ಹೋದರು, ಕೊಲಂಬೊಗೂ ಹೋದರು. ಠಾಣೆ, ಶಿಬಿರ, ಆಸ್ಪತ್ರೆ ಸುತ್ತಿದರು. ಎಲ್ಲ ಕಡೆ ಮೇಜಿನ ಹಿಂದಿನಿಂದ ಒಂದೇ ಮಾತು: ಆ ಹೆಸರಿನವರು ಇಲ್ಲಿಲ್ಲ.

ಮುಂದಿನ ವೆಸಾಕಿಗೆ, ಬುದ್ಧಪೂರ್ಣಿಮೆಯ ಹಬ್ಬಕ್ಕೆ, ಹೊಸ ಸ್ಟ್ಯಾಂಪು ಬಂತು. ಬುದ್ಧನ ಕತೆಯ ಚಿತ್ರ. ಬೆಳಿಗ್ಗೆ ಜಿನದಾಸ ಕಾಗದಗಳನ್ನು ಬೀದಿವಾರು ಜೋಡಿಸುತ್ತಿದ್ದಾಗ ಪೋಸ್ಟ್‌ಮಾಸ್ಟರರು ಬಿಳಿ ಲಕೋಟೆಯೊಂದರ ಮೂಲೆಗೆ ಅದನ್ನು ಅಂಟಿಸಿ, ತಾರೀಖಿನ ಮುದ್ರೆ ಒತ್ತಿ ಅವನ ಕಟ್ಟಿಗೆ ಸೇರಿಸಿದರು. ಹಗುರವಾಗಿತ್ತು. ಒಳಗೆ ಏನೂ ಇರಲಿಲ್ಲ.

"ಮಹತ್ತಯಾ, ಇದು ನಿಮ್ಮ ಮನೆಯದೇ," ಎಂದ, ಅಧಿಕಾರಿಗಳನ್ನು ಕರೆಯುವ ಮರ್ಯಾದೆಯ ಪದದಿಂದ.

"ಗೊತ್ತು."

"ಹೆಸರು ನಮ್ಮ ಉಪಾಲಿದು."

"ಅವನು ಪುಟ್ಟವನಿದ್ದಾಗಿಂದ ಹೊಸ ಸ್ಟ್ಯಾಂಪು ಒಂದನ್ನೂ ಬಿಟ್ಟವನಲ್ಲ. ಬಂದಾಗ ಆಲ್ಬಮ್ಮಿನಲ್ಲಿ ಖಾಲಿ ಜಾಗ ಇದ್ರೆ ನನ್ನ ಮೇಲೆ ಕೂಗಾಡ್ತಾನೆ." ಸ್ವಲ್ಪ ಹೊತ್ತು ಮುದ್ರೆಯ ಹಿಡಿಯನ್ನು ಒರೆಸಿದರು. "ಆ ಹೆಸರಿನವರು ಇಲ್ಲ ಅಂತ ಕಾಗದದ ಮೇಲೆ ಬರೆಯೋ ಅಧಿಕಾರ ಪೋಸ್ಟ್‌ಮ್ಯಾನ್‌ಗೆ ಮಾತ್ರ ಇರೋದು ಜಿನದಾಸ. ಪೊಲೀಸರಿಗಿಲ್ಲ. ನೀನು ಬರೀತೀಯಾ?"

"ಇಲ್ಲ ಮಹತ್ತಯಾ."

"ಹಾಗಾದ್ರೆ ತಗೊಂಡು ಹೋಗಿ ಕೊಡು."

ಗೇಟಿನ ಹೊರಗೆ ಸೈಕಲ್ಲಿನ ಗಂಟೆ ಬಾರಿಸಿ ಅವನು ಹೆಸರು ಕೂಗಿದ. ಸುಮನಾವತಿ ಬಂದ ರೀತಿಯನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ. ತೆಂಗಿನಕಾಯಿ ತುರಿಯುತ್ತಿದ್ದವರು ಹಾಗೇ ಎದ್ದು, ಮೆಟ್ಟಿಲು ಎಡವಿ, ಕೈಯೂರಿ, ಮತ್ತೆ ಎದ್ದು ಓಡಿಬಂದಿದ್ದರು. ಮಗನ ಕಾಗದ ಎಂದುಕೊಂಡಿದ್ದರು. ಲಕೋಟೆ ಹರಿದರು. ತಲೆಕೆಳಗಾಗಿಸಿ ಕೊಡವಿದರು. ಆಮೇಲೆ ಮೇಲಿನ ಅಕ್ಷರ ನೋಡಿದರು. ಗಂಡನ ಅಕ್ಷರ.

ಜಿನದಾಸ ಹ್ಯಾಂಡಲ್ ಹಿಡಿದು ನಿಂತೇ ಇದ್ದ. ಕ್ಷಮಿಸಿ ಎನ್ನಬೇಕೆಂದರೂ ಯಾವುದಕ್ಕೆ ಎನ್ನುವುದು ತಿಳಿಯಲಿಲ್ಲ.

"ಇನ್ನೊಂದು ಬಂದ್ರೆ," ಎಂದರು ಅವರು, ಹರಿದ ಅಂಚುಗಳನ್ನು ಕೂಡಿಸುತ್ತ, "ಹೀಗೇ ಗಟ್ಟಿಯಾಗಿ ಕೂಗು. ಪಕ್ಕದ ಮನೆಯವರಿಗೂ ಕೇಳಲಿ."

ಬರುತ್ತಲೇ ಹೋದವು. ಹಕ್ಕಿಗಳು ಬಂದವು, ರೈಲು ಬಂತು, ಕ್ರಿಸ್ಮಸ್ ಬಂತು, ಕ್ರಿಕೆಟ್ಟಿನ ವಿಶ್ವಕಪ್ ಬಂತು. ಯಾವ್ಯಾವುದೋ ಊರಿನ ಹಿರಿಯರು, ಶಾಲೆ ಕಟ್ಟಿಸಿದವರು, ನಾಟಕದವರು, ಮಂತ್ರಿಗಳಾಗಿದ್ದವರು ಹುಟ್ಟಿ ನೂರು ವರ್ಷವಾದದ್ದಕ್ಕೆ ಬಂದರು. ಒಮ್ಮೆ ಅಂಥದೊಂದು ಮೀಸೆಯ ಮುಖವನ್ನು ಸುಮನಾವತಿ ಬಿಸಿಲಿಗೆ ಹಿಡಿದು ನೋಡಿ ಕೇಳಿದರು:

"ಇವರು ಯಾರು ತಮ್ಮ?"

"ಗೊತ್ತಿಲ್ಲ ಅಕ್ಕ."

"ನನಗೂ ಗೊತ್ತಿಲ್ಲ. ಆದ್ರೂ ನೋಡು, ಪಾಪ, ಯಾರೋ ನೆನಪಿಟ್ಟುಕೊಂಡಿದ್ದಾರೆ."

*

ಮಧ್ಯಾಹ್ನ ವಿಹಾರದಿಂದ ಭಿಕ್ಷುಗಳು ಬಂದರು. ಮನೆಮಂದಿ ಚಾಪೆಯ ಮೇಲೆ ಒತ್ತೊತ್ತಾಗಿ ಕೂತು, ಹೂಜಿಯನ್ನು ಒಟ್ಟಿಗೆ ಹಿಡಿದು ಬಟ್ಟಲಿಗೆ ನೀರು ಸುರಿದರು. ಬಟ್ಟಲು ತುಂಬಿ ತಟ್ಟೆಗೆ ಹರಿಯಿತು. ತುಂಬಿದ ನದಿಗಳು ಕಡಲನ್ನು ಸೇರುವಂತೆ ಇಲ್ಲಿ ಕೊಟ್ಟದ್ದು ಹೋದವರನ್ನು ಸೇರಲಿ ಎಂದು ಭಿಕ್ಷುಗಳು ಪಾಲಿ ಭಾಷೆಯಲ್ಲಿ ಹಾಡಿದರು.

ಹಿರಿಯ ಭಿಕ್ಷು ಪುಣ್ಯ ಧಾರೆಯೆರೆಯುವ ಮುನ್ನ ತಗ್ಗಿದ ದನಿಯಲ್ಲಿ, "ಮಗನ ಹೆಸರನ್ನೂ ಸೇರಿಸಲೇ?" ಎಂದು ಕೇಳಿದರು. ದಯಾನಿ ಅಮ್ಮನನ್ನು ನೋಡಿದಳು. ಸುಮನಾವತಿಯ ಕಣ್ಣು ತಟ್ಟೆಯಲ್ಲಿ ನಿಂತ ನೀರಿನ ಮೇಲಿತ್ತು. ಭಿಕ್ಷು ಸ್ವಲ್ಪ ಕಾದು, ಎರಡು ಹೆಸರೂ ಸೇರಿಸಿ ಹೇಳಿದರು.

ಪೆಟ್ಟಿಗೆ ಎತ್ತುವ ಹೊತ್ತಿಗೆ ಅಂಗಳದಲ್ಲಿ ಪಿಸುಪಿಸು ಶುರುವಾಯಿತು. ಚಿತೆಗೆ ಬೆಂಕಿ ಇಡಲು ಇಬ್ಬರು ಬೇಕು. ಒಂದು ಪಂಜು ಅಳಿಯ ನಿಹಾಲನದು. ಇನ್ನೊಂದು?

"ನನ್ನ ತಮ್ಮ ಇದ್ದಾನಲ್ಲ," ಎಂದ ನಿಹಾಲ್.

"ಅವನು ಈ ಮನೆಗೆ ಎಷ್ಟು ಸಲ ಬಂದಿದ್ದಾನಪ್ಪ?" ಎಂದ ಸಿರಿಸೇನ. "ಮದುವೆ ದಿನ ಊಟಕ್ಕೆ, ಇವತ್ತು ಟೀಗೆ."

ಮಗನಿದ್ದಿದ್ದರೆ ಎಂದು ಯಾರೋ ಅಂದರು. ಜಿನದಾಸ ಏಣಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದ.

*

ಸ್ವಾತಂತ್ರ್ಯಕ್ಕೆ ಐವತ್ತು ವರ್ಷವಾದ ಸ್ಟ್ಯಾಂಪು ಬಂದು ಒಂದು ವರ್ಷವಾಗಿತ್ತೇನೋ. ಒಂದು ಸಂಜೆ ಕಚೇರಿಯ ಬಾಗಿಲು ಹಾಕುವಾಗ ಪೋಸ್ಟ್‌ಮಾಸ್ಟರರು ಬೀಗವನ್ನು ಕೈಯಲ್ಲೇ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಾಳೆ ಸಹಿ ಹಾಕ್ತೀನಿ ಜಿನದಾಸ. ಮರಣ ಪತ್ರಕ್ಕೆ."

ಕಾಣೆಯಾದವರ ಮನೆಗಳಿಗೆ ಸರ್ಕಾರ ಅದನ್ನು ಕೊಡುತ್ತಿರುವುದು ಊರಿಗೆ ಗೊತ್ತಿತ್ತು. ಉಳಿದ ಮೂವರು ಹುಡುಗರ ಮನೆಯವರು ಎಂದೋ ಪಡೆದಿದ್ದರು.

"ಅಕ್ಕ ಏನಂದ್ರು?"

"ಏನೂ ಅನ್ನಲಿಲ್ಲ." ಅವರು ಬೀಗದ ಬಾಯಿಯನ್ನು ತೆಗೆದು ಮುಚ್ಚಿ ಮಾಡಿದರು. "ಬದುಕಿರೋನ ಹೆಸರಲ್ಲಿ ಭಿಕ್ಷುಗಳಿಗೆ ಸತ್ತವನ ದಾನ ಕೊಟ್ರೆ ನಾನೇ ಕೊಂದ ಹಾಗೆ. ಅದಕ್ಕೇ ಇಷ್ಟು ವರ್ಷ ಕೊಡಲಿಲ್ಲ. ಆದ್ರೆ ಅವನು ನಿಜವಾಗಿ ಹೋಗಿದ್ರೆ? ಅವನ ಹೆಸರಲ್ಲಿ ಒಂದು ತುತ್ತನ್ನ ಯಾರೂ ಯಾರಿಗೂ ಹಾಕಿಲ್ಲ. ಹತ್ತು ವರ್ಷದಿಂದ ಎಲ್ಲೋ ಹಸಿದುಕೊಂಡು ನಿಂತಿದ್ದಾನೆ. ಯಾವುದಾದ್ರೂ ಒಂದನ್ನ ಮಾಡಬೇಕಲ್ಲ. ನನಗೆ ರಾತ್ರಿ ಊಟ ಇಳೀತಿಲ್ಲ."

ಜಿನದಾಸ ಚೀಲ ಕೆಳಗಿಟ್ಟ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತ. ಕತ್ತಲಾದ ಮೇಲೆ ಇಬ್ಬರೂ ಎದ್ದು ಮನೆಗೆ ಹೋದರು.

ಸಹಿಯಾಯಿತು. ದಾನವೂ ನಡೆಯಿತು. ಉಪಾಲಿಗೆ ಇಷ್ಟವೆಂದು ಗೋಡಂಬಿಯ ಪಲ್ಯ ಮಾಡಿಸಿದ್ದರು. ಸುಮನಾವತಿ ತಲೆನೋವೆಂದು ಒಳಗೆ ಮಲಗಿದ್ದರು. ಆಮೇಲೆ ಹೊಸ ಸ್ಟ್ಯಾಂಪು ಬಂದ ದಿನ ಪೋಸ್ಟ್‌ಮಾಸ್ಟರರು ಲಕೋಟೆ ಎತ್ತಿಕೊಂಡು, ಪೆನ್ನು ಬಿಚ್ಚಿ, ಬಹಳ ಹೊತ್ತು ಕೂತು, ಪೆನ್ನು ಮುಚ್ಚಿದರು. ಜಿನದಾಸನ ಕಟ್ಟಿನಲ್ಲಿ ಆ ಮನೆಗೆ ಏನೂ ಇರಲಿಲ್ಲ. ಆದರೂ ಗೇಟಿನ ಮುಂದೆ ಸೈಕಲ್ಲು ತಾನಾಗಿ ನಿಧಾನವಾಯಿತು. ಸುಮನಾವತಿ ಜಗಲಿಯಲ್ಲಿ ನಿಂತಿದ್ದರು. ಅವನು ತಲೆಯಾಡಿಸಿ ಮುಂದೆ ಹೋದ.

ಮರುದಿನ ಸುಮನಾವತಿ ಕೊಡೆ ಹಿಡಿದು ಅಂಚೆ ಕಚೇರಿಗೆ ಬಂದರು. ಮದುವೆಯಾದಂದಿನಿಂದ ಅವರು ಅಲ್ಲಿಗೆ ಬಂದವರೇ ಅಲ್ಲ. ಸಾಲಿನಲ್ಲಿ ನಿಂತರು. ಮುಂದಿದ್ದವರು ಜಾಗ ಬಿಟ್ಟುಕೊಟ್ಟರೂ ಸರದಿ ಮುರಿಯಲಿಲ್ಲ. ಕಿಟಕಿ ಬಂದಾಗ, ಪರಿಚಯವಿಲ್ಲದವರನ್ನು ಕೇಳುವಂತೆ ಕೇಳಿದರು:

"ಹೊಸ ಸ್ಟ್ಯಾಂಪು ಬಂದಿದೆಯಂತೆ. ಒಂದು ಕೊಡಿ."

ಪೋಸ್ಟ್‌ಮಾಸ್ಟರರು ಹಾಳೆಯಿಂದ ಒಂದನ್ನು ಬಿಡಿಸಿ, ಚಿಲ್ಲರೆ ಎಣಿಸಿ ಕೊಟ್ಟರು. ಸುಮನಾವತಿ ಪಕ್ಕಕ್ಕೆ ಸರಿದು, ತಂದಿದ್ದ ಲಕೋಟೆಗೆ ಅದನ್ನು ಅಂಟಿಸಿ, ದಾರ ಕಟ್ಟಿದ ಕಚೇರಿಯ ಪೆನ್ನಿನಿಂದ, ಶಾಲೆಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ತಿದ್ದಿ ಮಗನ ಹೆಸರು ಬರೆದು, ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದರು. ಗಂಡ ಮುದ್ರೆ ಎತ್ತಿದರು. ಎಷ್ಟು ಹಗುರವಾಗಿ ಒತ್ತಿದರೆಂದರೆ ತಾರೀಖು ಅರ್ಧವೂ ಮೂಡಲಿಲ್ಲ.

ಪೋಸ್ಟ್‌ಮಾಸ್ಟರರು ನಿವೃತ್ತರಾಗುವ ತನಕ ಇದು ನಡೆಯಿತು. ಮನೆಯಲ್ಲಿ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ ಎಂದು ದಯಾನಿ ಹೇಳುತ್ತಿದ್ದಳು. ಹೊಸ ಪೋಸ್ಟ್‌ಮಿಸ್ಟ್ರೆಸ್ ಬಂದ ಮೇಲೆ ಸುಮನಾವತಿ ಒಂದೇ ಒಂದು ಸಲ ಬಂದು, ಕಿಟಕಿಯ ಹಿಂದಿನ ಹೊಸ ಮುಖ ನೋಡಿ, ಏನೂ ಕೊಳ್ಳದೆ ಹಿಂತಿರುಗಿದ್ದರು.

*

"ಜಿನದಾಸ ಎಲ್ಲಿ?"

ಸುಮನಾವತಿಯ ದನಿ ಹಿತ್ತಲಿಗೂ ಕೇಳಿಸಿತು. ಅವನು ಬಂದಾಗ ಅವರು ಪೆಟ್ಟಿಗೆಯ ಕಾಲ ಬಳಿ, ಮಗಳ ತೋಳು ಹಿಡಿದು ನಿಂತಿದ್ದರು.

"ಇನ್ನೊಂದು ಪಂಜು ಅವನು ಹಿಡೀಲಿ," ಎಂದರು ಎಲ್ಲರಿಗೂ ಕೇಳುವಂತೆ.

"ಅಕ್ಕಾ, ನಾನು ಹೇಗೆ... ಅದು ಮಗನ ಜಾಗ."

"ಅದಕ್ಕೇ. ಉಪಾಲಿಯ ಹೆಸರಿಗೆ ಬಂದಿದ್ದನ್ನೆಲ್ಲ ನೀನೇ ತಾನೆ ಹೊತ್ತು ತಂದಿದ್ದು. ಇದೂ ಅವನ ಹೆಸರಿಗೇ ಬಂದಿದೆ. ವಾಪಸ್ ಕಳಿಸೋಕಾಗುತ್ತಾ?"

ಇದನ್ನು ಹಿಡಿದರೆ ಉಪಾಲಿ ಇನ್ನು ಬರುವುದಿಲ್ಲವೆಂದು ತಾನೇ ಬರೆದುಕೊಟ್ಟಂತೆ ಎಂದು ಜಿನದಾಸನಿಗೆ ಅನಿಸಿತು. ಹಿಡಿಯದಿದ್ದರೆ ಈ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿ ಹೋದಂತೆ. ಅವನು ಎರಡೂ ಕೈ ಮುಂದೆ ಚಾಚಿದ.

ರಸ್ತೆಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಪೆಟ್ಟಿಗೆ ಹೊರಟಿತು. ಸ್ಮಶಾನದಲ್ಲಿ ಚಿತೆಯ ಸುತ್ತ ಬಿಳಿ ಕಾಗದ ಕಟ್ಟಿದ್ದರು. ನಿಹಾಲನೂ ಅವನೂ ಪಂಜು ಹೊತ್ತು ಮೂರು ಸುತ್ತು ಬಂದರು. ಚಿತೆಗೆ ಬೆನ್ನು ಮಾಡಿ ನಿಂತು, ಹಿಂದೆ ನೋಡದೆ, ಬೆಂಕಿ ಇಡಬೇಕು. ಜಿನದಾಸನ ಪಂಜಿನಿಂದ ಸೀಮೆಎಣ್ಣೆ ತೊಟ್ಟಿಕ್ಕಿ ಅಂಗೈಗೆ ಇಳಿಯಿತು. ಕೈ ಹಿಂದೆ ಚಾಚಿದ. ಒಣ ಸೌದೆ ಹತ್ತಿಕೊಂಡ ಸದ್ದು ಬೆನ್ನಿಗೆ ಕೇಳಿಸಿತು, ಆಮೇಲೆ ಬಿಸಿ ತಟ್ಟಿತು. ಮಹತ್ತಯಾ ಎಂದು ಕರೆಯಬೇಕೆನಿಸಿತು. ಅಪ್ಪಾ ಎನ್ನಬೇಕಾದ ಜಾಗದಲ್ಲಿ ನಿಂತು ಹಾಗೆ ಕರೆಯುವುದು ಸರಿಯೋ ಅಲ್ಲವೋ ತಿಳಿಯದೆ ಮುಂದೆ ನಡೆದ.

ಸ್ಮಶಾನದ ಕೆಳಗಿನ ತೊರೆಯ ದಡದಲ್ಲಿ ಹೆಂಗಸರು ನಿಂಬೆಹಣ್ಣು ಹೆಚ್ಚಿಟ್ಟುಕೊಂಡು ಕಾಯುತ್ತಿದ್ದರು. ಸ್ಮಶಾನಕ್ಕೆ ಬಂದವರು ಯಾರೂ ಕೈ ತೊಳೆಯದೆ ಮನೆಗೆ ಹೋಗುವಂತಿಲ್ಲ. ನಿಹಾಲ್ ತೊಳೆದುಕೊಂಡು ಬದಿಗೆ ಸರಿದ. ಜಿನದಾಸ ಬಗ್ಗಿದಾಗ ಸುಮನಾವತಿ ಮಗಳ ತೋಳು ಬಿಟ್ಟು ನೀರಿಗಿಳಿದರು. ಸೀರೆಯ ಅಂಚು ಒದ್ದೆಯಾಯಿತು. ಮಾತಿಲ್ಲದೆ ಅವನ ಬಲಗೈ ಎಳೆದುಕೊಂಡು, ಅಂಗೈಯ ಮಸಿಯ ಮೇಲೆ ನಿಂಬೆಯ ಹೋಳು ಉಜ್ಜತೊಡಗಿದರು. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟು. ಬೊಗಸೆಯಲ್ಲಿ ನೀರು ಮೊಗೆದು ಸುರಿದರು. ಮೊದಲು ಕಪ್ಪಗೆ ಹರಿಯಿತು, ಆಮೇಲೆ ಬೂದು, ಆಮೇಲೆ ತಿಳಿ.

"ಆಯ್ತಮ್ಮ," ಎಂದಳು ದಯಾನಿ ದಡದಿಂದ.

ಹಿಂದೆ ಕೈ ತೊಳೆಯಲು ಬಂದವರ ಸಾಲು ಬೆಳೆಯುತ್ತಿತ್ತು. ಸುಮನಾವತಿ ಇನ್ನೊಂದು ನಿಂಬೆಹೋಳು ಎತ್ತಿಕೊಂಡರು. ಬಿಳುಪೇರಿದ ಆ ಅಂಗೈಯನ್ನು ತಮ್ಮ ಮೊಣಕಾಲಿಗೆ ಒತ್ತಿ ಹಿಡಿದು, ಒಂದೊಂದೇ ಬೆರಳನ್ನು ಬಿಡಿಸಿ ಬಿಡಿಸಿ ಮತ್ತೆ ಮೊದಲಿನಿಂದ ಉಜ್ಜುತ್ತಿದ್ದರು. ಜಿನದಾಸ ಕೈ ಬಿಡಿಸಿಕೊಳ್ಳಲಿಲ್ಲ.