ಕೈ ಊರದೆ ಐದು ಸಲ

ಬೀಗ ರಿಪೇರಿಯ ಅಜ್ಜನ ಮನೆಯಲ್ಲಿ ಪ್ರಶ್ನೆ ಕೇಳುವುದು ಅಜ್ಜನನ್ನು, ಉತ್ತರ ಬರುವುದು ಸೊಸೆಯಿಂದ. ಆರು ತಿಂಗಳಿಗೊಮ್ಮೆ ಬರುವ ಸಮೀಕ್ಷಕಿಗೆ ಇದು ಅಭ್ಯಾಸವಾಗಿಹೋಗಿತ್ತು. ವಯಸ್ಸಾದವರು ಕಾಯಿಲೆ ಬೀಳದೆ, ಎಡವಿ ಬೀಳದೆ ಬಾಳುವುದು ಹೇಗೆಂದು ಸಂಶೋಧನೆ ಮಾಡುವ ಕೇಂದ್ರದಲ್ಲಿ ಅವಳ ಕೆಲಸ. ಚೀಲದಲ್ಲಿ ಬಿ.ಪಿ. ನೋಡುವ ಯಂತ್ರ, ಒಂದು ಸ್ಟಾಪ್‌ವಾಚು, ಹನ್ನೆರಡು ಪುಟದ ಫಾರಂ.

"ಸ್ನಾನಕ್ಕೆ ನೀರು ನೀವೇ ತೋಡ್ಕೋತೀರಾ?"

"ನಾನೇ ತೋಡಿಡ್ತೀನಿ," ಎಂದಳು ಸೊಸೆ.

"ನಾನು ಅವರನ್ನ ಕೇಳಿದ್ದು."

"ಅವರಿಗ್ಯಾಕೆ ತೊಂದ್ರೆ ಅಂತ. ಈ ವಯಸ್ಸಲ್ಲಿ ಮಾವನ ಕೈಲಿ ಕೆಲಸ ಮಾಡಿಸ್ತಾಳೆ ಅಂತ ನಾಳೆ ನಾಲ್ಕು ಜನ ಆಡ್ಕೋಬಾರದು ನೋಡಿ. ಕೂತಲ್ಲಿಗೇ ಎಲ್ಲಾ ತಂದುಕೊಡ್ತೀನಿ."

ಕೊನೆಯದು ಕುರ್ಚಿಯ ಪರೀಕ್ಷೆ. ಕೈಗಳನ್ನು ಎದೆಗೆ ಕಟ್ಟಿಕೊಂಡು, ಎಲ್ಲೂ ಊರದೆ, ಐದು ಸಲ ಎದ್ದು ಕೂರಬೇಕು. ಹದಿನೈದು ಸೆಕೆಂಡಿನೊಳಗೆ ಮುಗಿದರೆ ಕಾಲಲ್ಲಿ ಕಸುವಿದೆ ಎಂದು ಅರ್ಥ. ಹೋದ ಸಲ ಹದಿಮೂರು ಸೆಕೆಂಡಿನಲ್ಲಿ ಮುಗಿಸಿ ಮೀಸೆ ತಿರುವಿದ್ದ ಅಜ್ಜ ಈ ಸಲ ಹತ್ತೊಂಬತ್ತು ತೆಗೆದುಕೊಂಡ. ಮೀಸೆಯ ಕಡೆಗೆ ಕೈ ಹೋಗಲಿಲ್ಲ.

"ಕೂರಿಸಿದಷ್ಟೂ ಕಾಲು ಸೋಲುತ್ತೆ. ಸೋತ ಕಾಲೇ ಮೊದಲು ಜಾರೋದು," ಎಂದು ಸಮೀಕ್ಷಕಿ ಸೊಸೆಗೆ ಹೇಳಿದಳು. "ನೀವು ಪ್ರೀತಿಯಿಂದಾನೇ ಮಾಡ್ತಿದೀರಿ, ಇಲ್ಲ ಅನ್ನಲ್ಲ. ಆದ್ರೆ ಅವರ ಕಾಲನ್ನ ನೀವೇ ಕಿತ್ಕೋತಿದೀರಿ."

ಸೊಸೆಯ ಮುಖ ಸಪ್ಪಗಾಯಿತು. ಹೇಳಿದ್ದು ಒರಟಾಯಿತೇನೋ ಎಂದು ಸಮೀಕ್ಷಕಿಗೆ ದಾರಿಯುದ್ದಕ್ಕೂ ಅನಿಸಿತು. ಸುಳ್ಳು ಎಂದು ಮಾತ್ರ ಅನಿಸಲಿಲ್ಲ.

ಸಂಜೆ ತನ್ನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ಏಳ್ಬೇಡಮ್ಮ, ಕೂತಿರು," ಎಂದಳು.

ಅಮ್ಮ ಎದ್ದಿರಲೇ ಇಲ್ಲ. ಕಿಟಕಿಯ ಪಕ್ಕದ ಕುರ್ಚಿ, ಅದರ ಪಕ್ಕದ ಮೇಜಿನ ಮೇಲೆ ಫ್ಲಾಸ್ಕು, ಮಾತ್ರೆ, ಫೋನು, ಟಿ.ವಿ. ರಿಮೋಟು. ಮಗಳು ಬೆಳಗ್ಗೆ ಹೊರಡುವಾಗ ಜೋಡಿಸಿಟ್ಟದ್ದು ಹಾಗೇ ಇತ್ತು. ಅಮ್ಮನ ನಡೆದಾಡುವ ಬೂಟುಗಳನ್ನು ಬೀರುವಿನ ಮೇಲೆ ಹತ್ತಿಸಿಟ್ಟು ವರ್ಷವಾಗುತ್ತ ಬಂದಿತ್ತು.

ನಲವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತೇ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದವಳು ಅಮ್ಮ. ಹೋದ ವರ್ಷ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ, ಮುಂಗೈ ಮುರಿದುಕೊಂಡು, ಮಗಳು ಬರುವವರೆಗೆ ಎರಡು ಗಂಟೆ ನೆಲದ ಮೇಲೇ ಬಿದ್ದಿದ್ದಳು. ಬಾಗಿಲು ತೆರೆದಾಗ ಕಂಡ ಆ ನೋಟ ಮಗಳ ಎದೆಯಿಂದ ಇಳಿದಿರಲಿಲ್ಲ. ಅಂದಿನಿಂದ ಅಮ್ಮನಿಗೆ ಒಂದು ಲೋಟ ಎತ್ತಲೂ ಬಿಟ್ಟಿರಲಿಲ್ಲ.

ಚೀಲದಿಂದ ಹೊರಗಿಟ್ಟ ಸ್ಟಾಪ್‌ವಾಚನ್ನು ನೋಡಿ ಅಮ್ಮ ಕೇಳಿದಳು: "ಊರೋರಿಗೆಲ್ಲ ಆಡಿಸ್ತೀಯಲ್ಲ, ಆ ಕುರ್ಚಿ ಆಟ ನಂಗೂ ಒಂದ್ಸಲ ಆಡಿಸೇ."

"ನಮ್ಮ ಮನೆಯವರನ್ನ ಸೇರಿಸೋ ಹಾಗಿಲ್ಲಮ್ಮ. ಕೇಂದ್ರದ ರೂಲು."

"ಕೇಂದ್ರಕ್ಕಲ್ಲ, ನಂಗೆ."

ಮಗಳು ನಗುತ್ತಲೇ ವಾಚಿನ ಗುಂಡಿ ಒತ್ತಿದಳು. ಅಮ್ಮ ಎದೆಗೆ ಕೈ ಕಟ್ಟಿ ಮುಂದಕ್ಕೆ ಬಾಗಿದಳು. ಮೊದಲನೆಯ ಸಲ ತೊಡೆ ನಡುಗಿತು. ಎರಡನೆಯ ಸಲ ಅರ್ಧ ಎದ್ದು ಹಿಂದಕ್ಕೆ ಕುಸಿದಳು. ಮತ್ತೆ ಪ್ರಯತ್ನಿಸಿದಳು, ಮತ್ತೆ ಕುಸಿದಳು. ವಾಚು ಓಡುತ್ತಲೇ ಇತ್ತು.

"ಪಾಸೋ, ಫೇಲೋ?" ಎಂದಳು, ಏದುಸಿರಿನ ನಡುವೆ.

ಮಗಳು ವಾಚು ನಿಲ್ಲಿಸಿದಳು. ಇಷ್ಟು ಸೋತ ಕಾಲು ಅವಳ ಫಾರಂಗಳಲ್ಲೇ ಅಪರೂಪ. ಇನ್ನೂರು ಮನೆಗಳ ಕಾಲು ಅಳೆದವಳು ಈ ಒಂದು ಮನೆಯನ್ನು ಬಿಟ್ಟಿದ್ದಳು, ಅದಕ್ಕೆ ರೂಲಿನ ನೆಪವೂ ಸಿಕ್ಕಿತ್ತು. ಬೆಳಗ್ಗೆ ಸೊಸೆಗೆ ಆಡಿದ ಮಾತು ಈಗ ತನಗೇ ತಗುಲಿ ಅವಳು ನಾಚಿಕೆಯಿಂದ ಕುಗ್ಗಿಹೋದಳು.

"ಯಾಕಮ್ಮ ಒಂದು ಮಾತೂ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ನೀನು ಹೆದರಿದ್ದೆ. ನಾನು ಎದ್ರೆ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ." ಅಮ್ಮ ತನ್ನ ಮೊಣಕಾಲು ಸವರಿಕೊಂಡಳು. "ನಾನು ಬಿದ್ದಿದ್ದು ಒಂದೇ ದಿನ ಕಣೇ. ಕೂತಿದ್ದು ವರ್ಷ."

"ಮತ್ತೆ ಬಿದ್ರೆ?"

"ಬೀಳ್ಬಹುದು. ಹೀಗೇ ಕೂತಿದ್ರೆ ಖಂಡಿತ ಬೀಳ್ತೀನಿ. ಅದನ್ನ ನೀನೇ ತಾನೆ ಎಲ್ಲರಿಗೂ ಹೇಳೋದು?"

ಮಗಳು ಎದ್ದು ಸ್ಟೂಲು ಹಾಕಿ, ಬೀರುವಿನ ಮೇಲಿಂದ ಬೂಟು ಇಳಿಸಿ, ಧೂಳು ಒರೆಸಿ ಅಮ್ಮನ ಕಾಲ ಬಳಿ ಇಟ್ಟಳು. ತೊಡಿಸಲು ಬಗ್ಗಿದವಳು ಅರ್ಧಕ್ಕೇ ನಿಂತು, ಎದುರಿನ ಕುರ್ಚಿಯಲ್ಲಿ ಹೋಗಿ ಕೂತಳು. ಬೂಟು ಹಾಕಿಕೊಳ್ಳಲು ಅಮ್ಮನಿಗೆ ಬಹಳ ಹೊತ್ತು ಹಿಡಿಯಿತು.

"ಅಮ್ಮ, ಬಾಯಾರಿಕೆ ಆಗಿದೆ. ಒಂದು ಲೋಟ ನೀರು ತಂದ್ಕೊಡ್ತೀಯಾ?"

ಅಮ್ಮ ಅವಳನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಕುರ್ಚಿಯ ತೋಳುಗಳಿಗೆ ಕೈ ಊರಿ ಎದ್ದು, ಗೋಡೆ ಹಿಡಿದು ಅಡುಗೆಮನೆಗೆ ನಡೆದಳು. ಹನ್ನೊಂದು ಹೆಜ್ಜೆ. ಮಗಳು ತಾನು ಎದ್ದು ಓಡದಿರಲೆಂದು ಕುರ್ಚಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಒಳಗೆ ನಲ್ಲಿ ಹರಿದ ಸದ್ದು ಬಂತು, ನಿಂತಿತು.

"ಅರ್ಧ ಚೆಲ್ಲೋಯ್ತು," ಎಂದಳು ಅಮ್ಮ, ಲೋಟ ಕೊಡುತ್ತ.

ಮಗಳು ನೀರು ಕುಡಿದಳು. ಆಮೇಲೆ ಬಟ್ಟೆ ತಂದು, ಅಡುಗೆಮನೆಯವರೆಗೂ ಬಿದ್ದಿದ್ದ ಹನಿಗಳನ್ನು ಮಂಡಿಯೂರಿ ಒಂದೊಂದಾಗಿ ಒರೆಸಿದಳು. ನೆಲ ಒಣಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿ, ಖಾಲಿ ಲೋಟವನ್ನು ಅಮ್ಮನ ಕೈಗೆ ಕೊಟ್ಟಳು.

"ಬಾಯಾರಿಕೆ ಹೋಗ್ಲಿಲ್ಲ. ಇನ್ನೊಂದು ತಗೊಂಡ್ ಬಾ."